ಹಳೆಯ ಹತ್ತು ಚಿತ್ರಗಳೂ ಹೊಸ ಇನ್ನೂರು ಚಿತ್ರಗಳೂ

2025ರ ಮಾರ್ಚ್ ತಿಂಗಳಿನಲ್ಲಿ, ಪುನೀತ್ ರಾಜ್‌ಕುಮಾರ್ ಅವರ ಐವತ್ತನೆಯ ಜನ್ಮದಿನದ ನಿಮಿತ್ತ, 2002ರ ‘ಅಪ್ಪು’ ಚಿತ್ರವನ್ನು ರಾಜ್ಯದ ಚಿತ್ರಮಂದಿರಗಳಲ್ಲಿ ಮತ್ತೆ ಬಿಡುಗಡೆ ಮಾಡಲಾಯಿತು. ಬೆಳಗಿನ ಆಟಕ್ಕೇ ಜನ ಸಾಲುಗಟ್ಟಿದರು. ತೆರೆಯ ಮುಂದೆ ಕುಣಿದವರಿದ್ದರು, ಕಣ್ಣೊರೆಸಿಕೊಂಡು ಹೊರಬಂದವರೂ ಇದ್ದರು. ಅದಕ್ಕೂ ಒಂದು ವರ್ಷ ಮೊದಲು ‘ಜಾಕಿ’ಗೆ, ಆನಂತರ ಉಪೇಂದ್ರ ಅವರ ‘ಎ’ ಚಿತ್ರಕ್ಕೆ ಇದೇ ಬಗೆಯ ಸ್ವಾಗತ ದೊರೆತಿತ್ತು. ಅದೇ ಅವಧಿಯಲ್ಲಿ ಶುಕ್ರವಾರ ಬಂದು ಸೋಮವಾರಕ್ಕೆ ಕಾಣೆಯಾದ ಹೊಸ ಕನ್ನಡ ಚಿತ್ರಗಳ ಹೆಸರನ್ನು, ಅವುಗಳ ನಿರ್ಮಾಪಕರನ್ನು ಬಿಟ್ಟರೆ, ನೆನಪಿಟ್ಟವರು ಇರಲಾರರು.

ಇಂಥ ಸಂದರ್ಭದಲ್ಲಿ ಒಂದು ಹಳೆಯ ಮಾತು ಮತ್ತೆ ಕೇಳಿಬರುತ್ತದೆ: ಅಂದಿನಂಥ ಚಿತ್ರಗಳು ಇಂದು ಬರುತ್ತಿಲ್ಲ. ರಾಜ್‌ಕುಮಾರ್, ಪುಟ್ಟಣ್ಣ ಕಣಗಾಲ್, ಕಲ್ಪನಾ, ವಿಷ್ಣುವರ್ಧನ್, ಶಂಕರ್‌ನಾಗ್ ಎಂಬ ಹೆಸರುಗಳನ್ನು ಪಠಿಸಿ, ಈಗಿನ ಚಿತ್ರಗಳೆಂದರೆ ಬರೀ ಮಚ್ಚು, ಧೂಳು, ಹೊಗೆ ಎಂದು ನಿಟ್ಟುಸಿರು ಬಿಡುವುದು ನಮ್ಮ ನಗರಗಳ ಮಧ್ಯಮ ವರ್ಗದ ರೂಢಿಯಾಗಿದೆ. ಈ ನಿಟ್ಟುಸಿರಿನಲ್ಲಿ ನಿಜವೆಷ್ಟು, ಹಳಹಳಿಕೆ ಎಷ್ಟು?

ಮೊದಲಿಗೆ ಹಳಹಳಿಕೆಯ ಪಾಲನ್ನು ಕಳೆದುಬಿಡೋಣ. 1972 ಕನ್ನಡ ಚಿತ್ರರಂಗದ ಸುವರ್ಣ ವರ್ಷಗಳಲ್ಲೊಂದು. ‘ಬಂಗಾರದ ಮನುಷ್ಯ’ ತೆರೆಕಂಡದ್ದು ಅದೇ ವರ್ಷ, ‘ನಾಗರಹಾವು’ ಬಂದದ್ದೂ ಅದೇ ವರ್ಷ. ಆದರೆ ಆ ವರ್ಷ ಬಿಡುಗಡೆಯಾದ ಇನ್ನೂ ಹತ್ತು ಚಿತ್ರಗಳ ಹೆಸರು ಹೇಳಿರೆಂದರೆ ಕಟ್ಟಾ ಅಭಿಮಾನಿಯೂ ಐದಾರರಲ್ಲಿ ನಿಲ್ಲುತ್ತಾನೆ. ಉಳಿದವು ಎಲ್ಲಿ ಹೋದವು? ಸಾಧಾರಣವಾದವು ಮರೆತುಹೋದವು, ಕೆಟ್ಟವು ಇನ್ನೂ ಬೇಗ ಮರೆತುಹೋದವು. ಕಾಲ ಜರಡಿ ಹಿಡಿದು ಉಳಿಸಿಕೊಟ್ಟ ಹತ್ತು ಚಿತ್ರಗಳನ್ನು ಒಂದು ತಟ್ಟೆಯಲ್ಲಿಟ್ಟು, ಜರಡಿಯನ್ನೇ ಕಾಣದ ಈ ವಾರದ ಎಂಟು ಚಿತ್ರಗಳನ್ನು ಇನ್ನೊಂದು ತಟ್ಟೆಯಲ್ಲಿಟ್ಟರೆ ತಕ್ಕಡಿ ಎತ್ತ ವಾಲೀತೆಂದು ಹೇಳಬೇಕಾಗಿಲ್ಲ. ಈಗ ವರ್ಷಕ್ಕೆ ಸುಮಾರು ಇನ್ನೂರು ಕನ್ನಡ ಚಿತ್ರಗಳು ಬರುತ್ತಿವೆ. 1970ರ ದಶಕದ ಆರಂಭದಲ್ಲಿ ಆ ಸಂಖ್ಯೆ ಐವತ್ತನ್ನು ಮುಟ್ಟುತ್ತಿರಲಿಲ್ಲ. ಹೊಟ್ಟು ಹೆಚ್ಚಿದ ಮಾತ್ರಕ್ಕೆ ಕಾಳು ಇಲ್ಲವೆಂದೇನೂ ಅಲ್ಲ.

ಆ ಕಾಲದಲ್ಲಿಯೂ ಅನುಕರಣೆಗೆ ಕೊರತೆ ಇರಲಿಲ್ಲ ಎಂಬುದನ್ನು ನಾವು ಅನುಕೂಲಕ್ಕೆ ತಕ್ಕಂತೆ ಮರೆಯುತ್ತೇವೆ. ಜೇಮ್ಸ್ ಬಾಂಡ್ ಜಗತ್ತನ್ನು ಆಳುತ್ತಿದ್ದಾಗ ಗಾಂಧಿನಗರವೂ 1968ರಲ್ಲಿ ‘ಜೇಡರ ಬಲೆ’ಯನ್ನೂ ‘ಗೋವಾದಲ್ಲಿ ಸಿಐಡಿ 999’ ಚಿತ್ರವನ್ನೂ ಕೊಟ್ಟಿತು. (ಅವು ಇಂದಿಗೂ ರಂಜಿಸುತ್ತವೆಂಬುದು ಬೇರೆ ಮಾತು.) ಗಂಡುಬೀರಿ ಹೆಣ್ಣನ್ನು ನಾಯಕ ಪಳಗಿಸುವ ಕಥೆಗೆ 1976ರ ‘ಬಹದ್ದೂರ್ ಗಂಡು’ವಿನಲ್ಲಿ ಸಿಕ್ಕ ಚಪ್ಪಾಳೆಯನ್ನು ಇಂದಿನ ವಿದ್ಯಾವಂತ ಪ್ರೇಕ್ಷಕ ಮುಜುಗರವಿಲ್ಲದೆ ನೆನೆಯಲಾರ. 1990ರಿಂದ 2005ರವರೆಗಿನ ಅವಧಿಯಲ್ಲಂತೂ ತಮಿಳು, ತೆಲುಗು, ಮಲಯಾಳದಿಂದ ಕಥೆ ತರುವುದೇ ಉದ್ಯಮವಾಗಿತ್ತು. ‘ರಾಮಾಚಾರಿ’, ‘ಯಜಮಾನ’, ‘ಹುಚ್ಚ’, ‘ಆಪ್ತಮಿತ್ರ’ ಎಲ್ಲವೂ ರೀಮೇಕುಗಳೇ. ಇಂದಿನ ಯುವ ನಿರ್ದೇಶಕರ ಮೇಲೆ ಬೇರೆ ಯಾವ ಆರೋಪ ಹೊರಿಸಿದರೂ, ಪಕ್ಕದ ಮನೆಯ ಒಲೆಯಿಂದ ಕೆಂಡ ತಂದರೆಂಬ ಆರೋಪ ಹೊರಿಸುವುದು ಕಷ್ಟ.

ನೂರು ದಿನ, ಇಪ್ಪತ್ತೈದು ವಾರ ಎಂಬ ಲೆಕ್ಕವನ್ನೂ ಗುಣಮಟ್ಟದ ಸಾಕ್ಷಿಯಾಗಿ ಒಪ್ಪುವಂತಿಲ್ಲ. ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷ ದಾಟಿ ಓಡಿದ್ದು ಅದರ ಜನಪ್ರಿಯತೆಯ ದ್ಯೋತಕವೇ ಸರಿ. ಆದರೆ ಅಂದು ಪ್ರಿಂಟ್ ಹಾಕಿಸುವುದು ದುಬಾರಿಯಾಗಿತ್ತು, ಪ್ರಿಂಟುಗಳ ಸಂಖ್ಯೆ ಕಡಿಮೆಯಿತ್ತು. ಬಿಕೆಟಿ, ಮೈಸೂರು, ಚಿತ್ರದುರ್ಗ, ಹೈದರಾಬಾದ್ ಕರ್ನಾಟಕ ಎಂದು ಹಂಚಿಕೊಂಡ ಪ್ರದೇಶಗಳಲ್ಲಿ ಚಿತ್ರ ಮೊದಲು ದೊಡ್ಡ ಊರಿನಲ್ಲಿ ನಿಂತು, ಬಳಿಕ ಸಣ್ಣ ಊರಿಗೆ ಇಳಿಯುತ್ತಿತ್ತು. ಈ ಲೇಖಕನ ಊರಿನ ಟೆಂಟ್ ಸಿನಿಮಾಕ್ಕೆ ಪ್ರಿಂಟ್ ಬರುವಷ್ಟರಲ್ಲಿ ತೆರೆಯ ಮೇಲೆ ಮಳೆ ಸುರಿಯುತ್ತಿತ್ತು. ಹಾಡಿನ ನಡುವೆ ಅರ್ಧ ಚರಣ ತುಂಡಾಗಿರುತ್ತಿತ್ತು. ಅದನ್ನೇ ನಾವು ನಾಲ್ಕು ಸಲ ನೋಡಿದೆವು, ಬೇರೆ ಮನರಂಜನೆ ಇರಲಿಲ್ಲ. ಇಂದು ಒಂದೇ ಶುಕ್ರವಾರ ನೂರಾರು ತೆರೆಗಳಲ್ಲಿ ಬಿಡುಗಡೆಯಾಗುವ ಚಿತ್ರ ಮೂರು ವಾರಗಳಲ್ಲಿ ಮುಗಿಸುವ ಪ್ರೇಕ್ಷಕರ ಲೆಕ್ಕವನ್ನು ಅಂದಿನ ಚಿತ್ರ ಮೂವತ್ತು ವಾರಗಳಲ್ಲಿ ಮುಗಿಸುತ್ತಿತ್ತು.

ಕಾದಂಬರಿಯ ಋಣ

ಹಳಹಳಿಕೆಯ ಪಾಲು ಇಷ್ಟು. ಇದನ್ನು ಕಳೆದ ಮೇಲೂ ಉಳಿಯುವ ಒಂದು ನಿಜವಿದೆ, ಅದು ಸಣ್ಣದಲ್ಲ. ಹಿಂದಿನ ಒಳ್ಳೆಯ ಚಿತ್ರಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಅವುಗಳ ಕಥೆ ಎಲ್ಲಿಂದ ಬಂತೆಂದು ಹುಡುಕಿದರೆ ಅದು ಗೋಚರಿಸುತ್ತದೆ. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ತ್ರಿವೇಣಿಯವರವು. ‘ಗೆಜ್ಜೆಪೂಜೆ’, ‘ಫಣಿಯಮ್ಮ’ ಎಂ.ಕೆ. ಇಂದಿರಾ ಅವರವು. ‘ಎರಡು ಕನಸು’ ಮತ್ತು ‘ಶುಭಮಂಗಳ’ದ ಹಿಂದೆ ವಾಣಿಯವರಿದ್ದಾರೆ, ‘ಬಂಗಾರದ ಮನುಷ್ಯ’ದ ಹಿಂದೆ ಟಿ.ಕೆ. ರಾಮರಾವ್, ‘ನಾಗರಹಾವು’ ಮತ್ತು ‘ಹಂಸಗೀತೆ’ಯ ಹಿಂದೆ ತರಾಸು, ‘ಎಡಕಲ್ಲು ಗುಡ್ಡದ ಮೇಲೆ’ಯ ಹಿಂದೆ ಭಾರತೀಸುತ, ‘ಭೂತಯ್ಯನ ಮಗ ಅಯ್ಯು’ವಿನ ಹಿಂದೆ ಗೊರೂರು. ಇನ್ನೊಂದು ದಾರಿಯಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತು ‘ಘಟಶ್ರಾದ್ಧ’, ಭೈರಪ್ಪನವರ ‘ವಂಶವೃಕ್ಷ’, ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’, ಕಾರಂತರ ‘ಚೋಮನ ದುಡಿ’, ತೇಜಸ್ವಿಯವರ ‘ತಬರನ ಕಥೆ’.

ಇದು ಕೇವಲ ಗೌರವದ ವಿಷಯವಲ್ಲ. ಕಾದಂಬರಿ ಎಂದರೆ ಅದಾಗಲೇ ಒಬ್ಬ ಬರಹಗಾರ ಪಾತ್ರಗಳೊಂದಿಗೆ ವರ್ಷಗಟ್ಟಲೆ ಬದುಕಿ, ಮನೆಯ ಜಗುಲಿಯಿಂದ ಹಿತ್ತಿಲಿನವರೆಗೆ ಎಲ್ಲವನ್ನೂ ಕಂಡು ಮುಗಿಸಿದ ಕೆಲಸ. ನಿರ್ದೇಶಕನಿಗೆ ಅದು ಸಿದ್ಧ ಅಡಿಪಾಯವಾಗುತ್ತಿತ್ತು. ಅದರ ಮೇಲೆ ಅವನು ಜಗಳವಾಡಬಹುದಿತ್ತು, ಬದಲಿಸಬಹುದಿತ್ತು. ತರಾಸು ಅವರಿಗೆ ‘ನಾಗರಹಾವು’ ಹಿಡಿಸಲಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೂ ಚಿತ್ರದುರ್ಗದ ಕೋಟೆ, ಚಾಮಯ್ಯ ಮೇಷ್ಟ್ರು, ಹಟಮಾರಿ ರಾಮಾಚಾರಿ ಇವೆಲ್ಲ ಗಾಂಧಿನಗರದ ಹೋಟೆಲ್ ಕೋಣೆಯೊಂದರಲ್ಲಿ ಹದಿನೈದು ದಿನಗಳಲ್ಲಿ ಹುಟ್ಟುವಂಥವಲ್ಲ.

ಇನ್ನೂ ಒಂದು ಅಂಶವಿದೆ. ಅಂದಿನ ಜನಪ್ರಿಯ ಕಾದಂಬರಿಕಾರರಲ್ಲಿ ದೊಡ್ಡ ಪಾಲು ಮಹಿಳೆಯರದು, ಓದುಗರಲ್ಲಿಯೂ ಅವರದೇ. ಆದ್ದರಿಂದ ಹೆಣ್ಣಿನ ಮನಸ್ಸನ್ನೇ ಕೇಂದ್ರದಲ್ಲಿಟ್ಟ ಚಿತ್ರ ವ್ಯಾಪಾರದ ಚಿತ್ರವೂ ಆಗಬಹುದಿತ್ತು. 1971ರ ‘ಶರಪಂಜರ’ದಲ್ಲಿ ಮಾನಸಿಕ ಕಾಯಿಲೆಯಿಂದ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡ, ನೆರೆಹೊರೆ ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ. ಕಲ್ಪನಾ ಅವರ ಆ ಪಾತ್ರವೇ ಚಿತ್ರ. ನಾಯಕ ಅಲ್ಲಿ ಎರಡನೆಯ ಸ್ಥಾನದವ. ಆ ಚಿತ್ರ ಜನರಿಂದ ತುಂಬಿ ಓಡಿತು. ಪುಟ್ಟಣ್ಣನವರ ನಾಯಕಿಯರು ಬಹುತೇಕ ದುರಂತದಲ್ಲಿಯೇ ಕೊನೆಗೊಳ್ಳುತ್ತಾರೆ, ಮರ್ಯಾದೆಯ ಗೆರೆ ದಾಟಿದವಳಿಗೆ ಕಥೆ ದಂಡ ವಿಧಿಸುತ್ತದೆ ಎಂಬ ವಿಮರ್ಶೆಯನ್ನು ಅಲ್ಲಗಳೆಯಲಾಗದು. ಆದರೂ ಅವರ ಕಷ್ಟಕ್ಕೆ ಮೂರು ಗಂಟೆ ಕಿವಿಗೊಡುವ ಸಭಾಂಗಣವೊಂದು ಅಂದು ಇತ್ತು. ಇಂದಿನ ದೊಡ್ಡ ಬಂಡವಾಳದ ಕನ್ನಡ ಚಿತ್ರದಲ್ಲಿ ಹೆಣ್ಣಿಗೆ ಎರಡೇ ಹುದ್ದೆ: ನಾಯಕನ ಸಂಕಲ್ಪಕ್ಕೆ ಕಾರಣಳಾಗುವ ತಾಯಿ, ಅವನ ನಡಿಗೆಯನ್ನು ನೋಡಿ ಬೆರಗಾಗುವ ಪ್ರೇಯಸಿ. ‘ನಾತಿಚರಾಮಿ’ಯಂಥ ಅಪವಾದಗಳಿವೆ, ಅವುಗಳನ್ನು ನೋಡಿದವರ ಸಂಖ್ಯೆಯೂ ಅಪವಾದದ್ದೇ. ಕಾದಂಬರಿ ಚಿತ್ರರಂಗವನ್ನು ಬಿಟ್ಟು ಹೋದಾಗ ಅದರ ಕೈ ಹಿಡಿದುಕೊಂಡು ಕಾವೇರಿಯೂ ಹೊರನಡೆದಳು.

ರಾಷ್ಟ್ರಮಟ್ಟದ ಪುರಸ್ಕಾರಗಳನ್ನು ಅಳತೆಗೋಲಾಗಿ ಹಿಡಿದರೂ ಇದೇ ಚಿತ್ರ ದೊರೆಯುತ್ತದೆ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಈ ಆರು ಕನ್ನಡ ಚಿತ್ರಗಳಿಗೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣ ಕಮಲ ಸಂದಿದೆ; ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿಯವರವು. ‘ದ್ವೀಪ’ದ ನಂತರ, 2025ರ ಆಗಸ್ಟ್‌ನಲ್ಲಿ ಪ್ರಕಟವಾದ 71ನೆಯ ಪ್ರಶಸ್ತಿಗಳವರೆಗೆ, ಕನ್ನಡ ಭಾಷೆಯ ಮತ್ತೊಂದು ಚಿತ್ರ ಆ ಪಟ್ಟವನ್ನೇರಿಲ್ಲ.

ನಾಯಕ ಊರಿನ ಮಾತನ್ನಾಡಿದಾಗ

ಹಾಗೆಂದು ಹಿಂದಿನದೇ ಶ್ರೇಷ್ಠವೆಂದು ಮುದ್ರೆಯೊತ್ತಿ ಕೈತೊಳೆದುಕೊಳ್ಳಲು ಬಾರದು. ಕನ್ನಡ ಚಿತ್ರದ ಭಾಷೆಯನ್ನೇ ಗಮನಿಸಿ. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲ್ಗೊಂಡು ನಮ್ಮ ದೊಡ್ಡ ನಟರು ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಮಂಡಳಿಗಳಿಂದ ಬಂದವರು. ಅವರ ಉಚ್ಚಾರಣೆ ಸ್ಫುಟ, ಮಾತು ರಂಗದ್ದು. ಚಿತ್ರಗಳು ತಯಾರಾಗುತ್ತಿದ್ದದ್ದು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ. ಹೀಗಾಗಿ ನಾಯಕ ಯಾವ ಜಿಲ್ಲೆಯವನೆಂಬುದು ಅವನ ಮಾತಿನಿಂದ ತಿಳಿಯುತ್ತಿರಲಿಲ್ಲ. ಧಾರವಾಡದ ಮಾತು, ಮಂಗಳೂರಿನ ಕನ್ನಡ, ಹಳ್ಳಿಯ ಒರಟು ನುಡಿ ಇವೆಲ್ಲ ಹಾಸ್ಯನಟನ ಪಾಲು. ನಕ್ಕು ಮರೆಯುವುದಕ್ಕಷ್ಟೇ ಆ ಊರುಗಳಿದ್ದವು.

ಕಳೆದ ಹದಿನೈದು ವರ್ಷಗಳಲ್ಲಿ ಈ ಗೋಡೆ ಬಿದ್ದಿದೆ. 2014ರ ‘ಉಳಿದವರು ಕಂಡಂತೆ’ ಬಿಡುಗಡೆಯ ವಾರಗಳಲ್ಲಿ ಹೆಚ್ಚು ಗಳಿಸಲಿಲ್ಲ. ಆದರೆ ಮಲ್ಪೆಯ ಕಡಲ ತೀರದ ಕನ್ನಡವನ್ನು ಅದು ನಾಯಕನ ಬಾಯಿಗೇ ಕೊಟ್ಟಿತು. 2016ರಲ್ಲಿ ತೆರೆಕಂಡ ‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿತು. ಕ್ಯಾಮರಾ ಕಾಣದ ಗಡ್ಡಪ್ಪ, ಸೆಂಚುರಿ ಗೌಡ ಮನೆಮಾತಾದರು. ಲೊಕಾರ್ನೊ ಉತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿಗಳು ಬಂದವು. ಹೊಲ, ಹಣ, ಸಾವು ಇವುಗಳ ನಡುವೆ ಹಳ್ಳಿಯ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಕಣ್ಣೀರಿಲ್ಲದೆ, ಉಪದೇಶವಿಲ್ಲದೆ ತೋರಿಸಿದ ಅಂಥ ಚಿತ್ರ ಅದಕ್ಕೆ ಮೊದಲು ನಮ್ಮಲ್ಲಿ ಅಪರೂಪ. ‘ಬಂಗಾರದ ಮನುಷ್ಯ’ದ ರಾಜೀವಪ್ಪ ನಮ್ಮ ಆದರ್ಶ, ಗಡ್ಡಪ್ಪ ನಮ್ಮ ನೆರೆಯವ. ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಈ ಲೇಖಕನಲ್ಲಿ ಉತ್ತರವಿಲ್ಲ. ಎರಡನೆಯದು ತೆಗೆಯಲು ಕಷ್ಟ ಎಂದಷ್ಟೇ ಹೇಳಬಲ್ಲೆ.

2022ರ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ದ ಕತೆ ಎಲ್ಲರಿಗೂ ಗೊತ್ತು. ಕರಾವಳಿಯ ದೈವಾರಾಧನೆ, ಅರಣ್ಯ ಇಲಾಖೆಯೊಂದಿಗಿನ ತಿಕ್ಕಾಟ, ಕಂಬಳ ಇವುಗಳನ್ನು ಊರಿನ ಮಾತಿನಲ್ಲೇ ಹೇಳಿದ ಚಿತ್ರ ದೇಶವನ್ನೆಲ್ಲ ಸುತ್ತಿತು. ರಿಷಬ್ ಶೆಟ್ಟಿಯವರಿಗೆ ರಾಷ್ಟ್ರೀಯ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು. ಇನ್ನೂ ಸ್ವಾರಸ್ಯದ ನಿದರ್ಶನ 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’. ತಾರೆಗಳ ಬಲವಿಲ್ಲದ, ಸಣ್ಣ ಬಂಡವಾಳದ ಈ ಚಿತ್ರ ಬಾಯಿಂದ ಬಾಯಿಗೆ ಹಬ್ಬಿದ ಮಾತಿನಿಂದಲೇ ಆಟಗಳನ್ನು ಹೆಚ್ಚಿಸಿಕೊಂಡಿತು. ಶೀರ್ಷಿಕೆಯ ವಿಸ್ತಾರ ‘ಸೋಮೇಶ್ವರದ ಸುಲೋಚನಾ’. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವೂ ಒಬ್ಬ ಸುಲೋಚನೆಯದೇ ಎಂಬುದು ಕಾಕತಾಳೀಯವಿದ್ದೀತು. ಅಂದು ಆಕೆ ಪುರಾಣದ ಸತಿ, ಇಂದು ಊರಿನವರ ಬಾಯಲ್ಲಿ ದೆವ್ವ.

ಒಳ್ಳೆಯ ಚಿತ್ರ ತೆಗೆಯುವ ಶಕ್ತಿ ಕುಂದಿದೆ ಎನ್ನಲು ಆಧಾರವಿಲ್ಲ. ನಟೇಶ್ ಹೆಗಡೆಯವರ ‘ಪೆಡ್ರೊ’ ಬುಸಾನ್ ಉತ್ಸವಕ್ಕೆ ಹೋಯಿತು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಅಲ್ಲಿಯೇ ಪ್ರಶಸ್ತಿ ಪಡೆಯಿತು. 2024ರಲ್ಲಿ ಚಿದಾನಂದ ನಾಯ್ಕ್ ಅವರ ಕಿರುಚಿತ್ರ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಕುಂದಿರುವುದು ಬೇರೆ.

ಮಧ್ಯದ ಮೆಟ್ಟಿಲು ಮುರಿದಿದೆ

‘ಎರಡು ಕನಸು’, ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಇವು ಪ್ರಶಸ್ತಿಗಾಗಿಯೇ ತೆಗೆದವೂ ಅಲ್ಲ, ಹಬ್ಬಕ್ಕೆ ಸಿಡಿಸುವ ಪಟಾಕಿಯೂ ಅಲ್ಲ. ಹಾಡು, ನಗು, ಜಗಳಗಳೊಂದಿಗೆ ಒಂದು ಗಂಭೀರ ವಿಷಯವನ್ನು ಕುಟುಂಬ ಸಮೇತ ನೋಡಬಹುದಾದ ನಡುವಿನ ಚಿತ್ರಗಳು. ಇಂದು ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, ‘ಸಪ್ತ ಸಾಗರದಾಚೆ ಎಲ್ಲೋ’ ಇದೇ ಕುಲಕ್ಕೆ ಸೇರಿದವು. ಈ ಕುಲವೇ ಅಪಾಯದಲ್ಲಿದೆ.

ಕಾರಣ ಲೆಕ್ಕಪತ್ರದಲ್ಲಿದೆ. ಒಂಟಿ ತೆರೆಯ ಚಿತ್ರಮಂದಿರಕ್ಕೆ ನಿರ್ಮಾಪಕ ವಾರದ ಬಾಡಿಗೆ ತೆತ್ತು ಚಿತ್ರ ಹಾಕುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಜನ ಬಾರದಿದ್ದರೆ ನಷ್ಟವೆಲ್ಲ ಅವನದೇ. ಆ ಮಂದಿರಗಳೂ ಒಂದೊಂದಾಗಿ ಕಣ್ಮುಚ್ಚುತ್ತಿವೆ. ಕೆಂಪೇಗೌಡ ರಸ್ತೆಯ ಬಳಿಯ ಕಪಾಲಿ, ಬ್ರಿಗೇಡ್ ರಸ್ತೆಯ ರೆಕ್ಸ್, ಬೆಂಗಳೂರಿನ ಕಾವೇರಿ, ಮೈಸೂರಿನ ಶಾಂತಲಾ ಈಗ ನೆನಪುಗಳಷ್ಟೇ. ಮಲ್ಟಿಪ್ಲೆಕ್ಸುಗಳಲ್ಲಿ ಗಳಿಕೆ ಹಂಚಿಕೆಯಾಗುತ್ತದೆ ನಿಜ, ಆದರೆ ಅಲ್ಲಿ ಬೆಳಗಿನ ಹತ್ತರ ಆಟ ಸಿಕ್ಕಿದ ಕನ್ನಡ ಚಿತ್ರಕ್ಕೆ ಜನ ಬರುವುದು ಹೇಗೆ? ಜನ ಬರಲಿಲ್ಲವೆಂದು ಸೋಮವಾರ ಆ ಆಟವನ್ನೂ ತೆಗೆದುಹಾಕಲಾಗುತ್ತದೆ. ಕೆಲ ವರ್ಷಗಳ ಹಿಂದೆ ಒಟಿಟಿ ಸಂಸ್ಥೆಗಳು ಸಣ್ಣ ಚಿತ್ರಗಳನ್ನು ನೇರವಾಗಿ ಕೊಳ್ಳುತ್ತಿದ್ದವು. ಈಗ ಮೊದಲು ಚಿತ್ರಮಂದಿರದಲ್ಲಿ ಗೆದ್ದು ಬಾ ಎನ್ನುತ್ತವೆ. ರಕ್ಷಿತ್ ಶೆಟ್ಟಿಯವರಂಥ ಹೆಸರಿನ ಬೆಂಬಲವಿದ್ದ ‘ಏಕಂ’ ಸರಣಿಯೇ ಕೊಳ್ಳುವವರಿಲ್ಲದೆ 2024ರಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಗಬೇಕಾಯಿತು. ಹೀಗಿರುವಾಗ ‘ಕೆಜಿಎಫ್’ನ ಎರಡನೆಯ ಭಾಗ 2022ರಲ್ಲಿ ಸಾವಿರ ಕೋಟಿ ರೂಪಾಯಿ ದಾಟಿಸಿತೆಂಬ ಸುದ್ದಿ ಕೇಳಿದ ಬಂಡವಾಳಗಾರ ಎತ್ತ ಒಲಿದಾನು? ಐದು ಭಾಷೆಗೆ ಹೊಂದುವ ನಾಯಕ ಬೇಕೆಂದರೆ ಅವನ ಊರು, ಜಾತಿ, ನುಡಿ, ಕಸುಬುಗಳನ್ನೆಲ್ಲ ಒಂದೊಂದಾಗಿ ಅಳಿಸಬೇಕು. ಕೊನೆಗೆ ಗಡ್ಡವೂ ಬಂದೂಕೂ ಉಳಿಯುತ್ತವೆ. ‘ಕಾಂತಾರ’ ಇದಕ್ಕೆ ತದ್ವಿರುದ್ಧವಾಗಿ ನಡೆದು ಗೆದ್ದಿತೆಂಬುದನ್ನು ಎಲ್ಲರೂ ಹೊಗಳಿದರು, ಪಾಲಿಸಿದವರು ಕಡಿಮೆ.

ಟಿಕೆಟ್ ದರದ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ನಾಲ್ವರ ಕುಟುಂಬ ಮಲ್ಟಿಪ್ಲೆಕ್ಸಿಗೆ ಹೋಗಿ ಬರಲು ಸಾವಿರದೈನೂರು, ಎರಡು ಸಾವಿರ ಕೈಬಿಡುವುದಾದರೆ ಆ ಕುಟುಂಬ ತಿಂಗಳಿಗೊಮ್ಮೆ ಹೋದೀತು, ಅದೂ ಎಲ್ಲರೂ ಮಾತನಾಡುತ್ತಿರುವ ದೊಡ್ಡ ಚಿತ್ರಕ್ಕೇ. ಗೊತ್ತಿಲ್ಲದ ಹೆಸರಿನ ನಡುವಿನ ಚಿತ್ರಕ್ಕೆ ಪ್ರಯೋಗವೆಂದು ಹೋಗುವ ಧೈರ್ಯವನ್ನು ದರವೇ ಕಸಿದುಕೊಂಡಿದೆ. ಗಾಂಧಿ ಕ್ಲಾಸಿನ ಅಗ್ಗದ ಟಿಕೆಟ್ ಇದ್ದ ಕಾಲದಲ್ಲಿ ಕೆಟ್ಟ ಚಿತ್ರಕ್ಕೆ ಹೋದರೆ ನಷ್ಟವಾಗುತ್ತಿದ್ದದ್ದು ಒಂದು ಮಧ್ಯಾಹ್ನ ಮಾತ್ರ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ, ತೆರಿಗೆ ಹೊರತುಪಡಿಸಿ, 200 ರೂಪಾಯಿಯ ಮಿತಿ ವಿಧಿಸಿ ನಿಯಮ ಹೊರಡಿಸಿತು. ಮಲ್ಟಿಪ್ಲೆಕ್ಸ್ ಮಾಲೀಕರ ಸಂಘದ ಜೊತೆಗೆ ಕನ್ನಡದ ದೊಡ್ಡ ನಿರ್ಮಾಣ ಸಂಸ್ಥೆಯಾದ ಹೊಂಬಾಳೆಯೂ ನ್ಯಾಯಾಲಯಕ್ಕೆ ಹೋಯಿತು. ಅದೇ ತಿಂಗಳ ಕೊನೆಯ ವಾರದಲ್ಲಿ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ದೊಡ್ಡ ಚಿತ್ರದ ಹಿತವೂ ಸಣ್ಣ ಚಿತ್ರದ ಹಿತವೂ ಒಂದೇ ಅಲ್ಲವೆಂಬುದು ಆ ಅರ್ಜಿಯಿಂದಲೇ ಬಯಲಾಯಿತು.

ಸಾಹಿತ್ಯದ ಕಡೆಗೆ ಮರಳುವ ದಾರಿ ಪೂರ್ಣ ಮುಚ್ಚಿಲ್ಲ. 2023ರ ‘ಡೇರ್‌ಡೆವಿಲ್ ಮುಸ್ತಾಫಾ’ ತೇಜಸ್ವಿಯವರ ಕಥೆ. ಬಂಡವಾಳ ಹಾಕಿದವರು ಅವರ ಓದುಗರೇ. ನೂರರಷ್ಟು ಅಭಿಮಾನಿಗಳು ಸೇರಿ ಹಣ ಕೂಡಿಸಿದರು. ಚಿತ್ರ ನಗಿಸಿತು, ಓಡಿತು, ಶಾಲಾ ಮಕ್ಕಳೂ ನೋಡಿದರು. 2013ರ ‘ಲೂಸಿಯಾ’ವೂ ಜನರ ದುಡ್ಡಿನದೇ. ಆದರೆ ಪ್ರತಿ ಒಳ್ಳೆಯ ಚಿತ್ರಕ್ಕೂ ಓದುಗರು ಜೋಳಿಗೆ ಹಿಡಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಅಂದಿನದು, ಇಂದಿನದು ಎಂದು ಹೋಲಿಸಬೇಕಾದರೆ ಅಂದಿನದು ಕೈಯಲ್ಲಿರಬೇಕಲ್ಲ. ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಉಳಿದಿಲ್ಲ. 1977ರ ‘ಘಟಶ್ರಾದ್ಧ’ ಹೊಸ ಹೊಳಪಿನಲ್ಲಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. ಅದನ್ನು ಕಾಪಾಡಿದವರು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಅವರ ಪ್ರತಿಷ್ಠಾನ. ಪುಟ್ಟಣ್ಣನವರ ಚಿತ್ರಗಳನ್ನು ನಾವು ನೋಡುತ್ತಿರುವುದು ಬಣ್ಣ ಮಾಸಿದ, ಅಂಚು ಕತ್ತರಿಸಿದ ಯೂಟ್ಯೂಬ್ ಪ್ರತಿಗಳಲ್ಲಿ. 2025ರ ಮಾರ್ಚ್‌ನ ರಾಜ್ಯ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ಭಂಡಾರ ಸ್ಥಾಪಿಸಲು ಮೂರು ಕೋಟಿ ರೂಪಾಯಿ ತೆಗೆದಿರಿಸಲಾಯಿತು. ಒಂದು ದೊಡ್ಡ ಚಿತ್ರದ ಒಂದು ಹೊಡೆದಾಟದ ದೃಶ್ಯಕ್ಕೆ ಇಂದು ಅಷ್ಟು ಖರ್ಚಾಗುತ್ತದೆ.